ನಿಮಗಿದು ಗೊತ್ತೇ? ಮಿಸ್ಟರ್, ಮಿಸೆಸ್, ಮಿಸ್, ಮಿಜ್

ಇಂಗ್ಲಿಷಿನ ‘ಮಿಸೆಸ್’ಗೂ ಮದುವೆಗೂ ಮೊದಲು ಯಾವ ನಂಟೂ ಇರಲಿಲ್ಲ! ಮನೆಯನ್ನೋ ಅಂಗಡಿಯನ್ನೋ ನಡೆಸುವ ಯಜಮಾನಿಯನ್ನು ‘ಮಿಸ್ಟ್ರೆಸ್’ ಎನ್ನುತ್ತಿದ್ದರು. ಕಾಗದದಲ್ಲಿ ಅದನ್ನು ಮೊಟಕಾಗಿ ಬರೆದರೆ ಮಿಸೆಸ್. ಯಜಮಾನ ‘ಮಾಸ್ಟರ್’, ಅದು ಜನರ ಬಾಯಲ್ಲಿ ಸವೆದು ಮಿಸ್ಟರ್ ಆಯಿತು. ಮಿಸ್ ಹುಟ್ಟಿದ್ದೂ ಮಿಸ್ಟ್ರೆಸ್‌ನಿಂದಲೇ.

18ನೇ ಶತಮಾನದ ಇಂಗ್ಲೆಂಡಿನಲ್ಲಿ ಸ್ವಂತ ಕಸುಬು ನಡೆಸುತ್ತಿದ್ದ, ಕೈಕೆಳಗೆ ಶಿಷ್ಯರನ್ನಿಟ್ಟುಕೊಂಡು ಕೆಲಸ ಕಲಿಸುತ್ತಿದ್ದ ಹೆಂಗಸರು ಮದುವೆಯಾಗಿರಲಿ, ಬಿಡಲಿ, ಮಿಸೆಸ್ ಎನಿಸಿಕೊಳ್ಳುತ್ತಿದ್ದರು. ಕೇಂಬ್ರಿಜ್‌ನ ಇತಿಹಾಸಕಾರ್ತಿ ಏಮಿ ಎರಿಕ್ಸನ್ ಆ ಕಾಲದ ದಾಖಲೆಗಳನ್ನು ಜಾಲಾಡಿ ಇದನ್ನು ತೋರಿಸಿಕೊಟ್ಟಿದ್ದಾರೆ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ಪ್ರಸಿದ್ಧ ನಿಘಂಟಿನಲ್ಲಿ ಮಿಸ್ಟ್ರೆಸ್ ಪದಕ್ಕೆ ಆಳುವವಳು, ವಿದ್ಯೆಯಲ್ಲಿ ನುರಿತವಳು, ಉಪಾಧ್ಯಾಯಿನಿ, ಪ್ರೇಯಸಿ, ಕೊನೆಗೆ ಉಪಪತ್ನಿ ಎಂಬ ಅರ್ಥವೂ ಸಿಗುತ್ತದೆ. ‘ಮದುವೆಯಾದವಳು’ ಮಾತ್ರ ಸಿಗುವುದಿಲ್ಲ.

ಮಿಸ್ ಒಂದು ಕಾಲಕ್ಕೆ ಬೈಗುಳವಾಗಿತ್ತು. 1662ರಲ್ಲಿ ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ, ನಡತೆಗೆಟ್ಟ ಹೆಂಗಸರನ್ನು ಈಗ ಹಾಗೆ ಕರೆಯುತ್ತಾರೆ ಎಂದು ಬರೆದಿಟ್ಟಿದ್ದಾನೆ. ಅದೇ ಪದ ಮುಂದೆ ದೊಡ್ಡ ಮನೆತನಗಳ ಹೆಣ್ಣುಮಕ್ಕಳ ಹೆಸರಿಗೆ ಸೇರಿಕೊಂಡಿತು. ನಂತರ ಮದುವೆಯಾಗದ ಎಲ್ಲ ಹೆಂಗಸರಿಗೂ ಅನ್ವಯವಾಯಿತು. 19ನೇ ಶತಮಾನದ ಹೊತ್ತಿಗೆ ಬೇಲಿ ಗಟ್ಟಿಯಾಯಿತು: ಹೆಣ್ಣಿನ ಹೆಸರೇ ತಾಳಿಯಂತೆ ಮದುವೆಯ ಗುರುತನ್ನು ಹೊರಬೇಕಾಯಿತು. ಗಂಡಸಿನ ಮಿಸ್ಟರ್ ಮದುವೆಗೆ ಮೊದಲೂ ಅದೇ, ಆಮೇಲೂ ಅದೇ, ಹೆಂಡತಿ ತೀರಿಕೊಂಡ ಮೇಲೂ ಅದೇ. ಈ ಅಂಕಣದಲ್ಲಿ ಮುಂದೆ ಬರುವ ಜಗಳಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಒಂದು ತಾರತಮ್ಯದಿಂದ.

ಆ ಬೇಲಿಗೂ ಒಂದು ಕಿಂಡಿ ಇತ್ತು. ವಿಕ್ಟೋರಿಯಾ ರಾಣಿಯ ಕಾಲದ ಸಿರಿವಂತರ ಮನೆಗಳಲ್ಲಿ ಅಡುಗೆಯವಳು ಮತ್ತು ಮನೆವಾರ್ತೆ ನೋಡಿಕೊಳ್ಳುವ ಹಿರಿಯಾಕೆ ಮದುವೆಯಾಗದಿದ್ದರೂ ಮಿಸೆಸ್ ಎಂದೇ ಕರೆಸಿಕೊಳ್ಳುತ್ತಿದ್ದರು. ಹಳೆಯ ಯಜಮಾನಿಕೆಯ ಅರ್ಥ ಅಡುಗೆಮನೆಯಲ್ಲಿ ಉಳಿದುಕೊಂಡಿತ್ತು!

ಅಕ್ಕತಂಗಿಯರ ನಡುವೆಯೂ ಲೆಕ್ಕವಿತ್ತು. ಜೇನ್ ಆಸ್ಟೆನ್ ಕಾದಂಬರಿಗಳನ್ನು ಓದಿದವರಿಗೆ ನೆನಪಿರಬಹುದು: ಹಿರಿಯ ಮಗಳು ಬರೀ ‘ಮಿಸ್ ಬೆನೆಟ್’, ಎರಡನೆಯವಳು ‘ಮಿಸ್ ಎಲಿಜಬೆತ್’. ಮನೆತನದ ಹೆಸರಿನೊಂದಿಗೆ ಮಿಸ್ ಸೇರುವ ಹಕ್ಕು ಹಿರಿಯಳದು. ಅವಳು ಮದುವೆಯಾಗಿ ಹೋದರೆ ಆ ಪಟ್ಟ ಮುಂದಿನವಳಿಗೆ.

ಗಂಡುಹುಡುಗರಿಗೆ ‘ಮಾಸ್ಟರ್’ ಉಳಿಯಿತು. ನಮ್ಮ ಸಿನಿಮಾದ ಟೈಟಲ್ ಕಾರ್ಡುಗಳಲ್ಲಿ ಬಾಲನಟರು ‘ಮಾಸ್ಟರ್’ ಆದದ್ದು ಅಲ್ಲಿಂದಲೇ; ಬಾಲನಟಿಯರು ‘ಬೇಬಿ’. ಪುನೀತ್ ರಾಜ್‌ಕುಮಾರ್ ಮೊದಲು ತೆರೆಯ ಮೇಲೆ ಕಂಡದ್ದು ಮಾಸ್ಟರ್ ಲೋಹಿತ್ ಆಗಿ.

ಶಾಲೆಯ ಟೀಚರಿಗೆ ಇಬ್ಬರು ಮಕ್ಕಳಿದ್ದರೂ ನಮ್ಮ ಮಕ್ಕಳು ‘ಮಿಸ್’ ಎಂದೇ ಕೂಗುತ್ತಾರಲ್ಲ? ಬ್ರಿಟನ್ನಿನ ಶಾಲೆಗಳಲ್ಲೂ ಹಾಗೆಯೇ. ಮೇಷ್ಟ್ರಿಗೆ ಸರ್, ಮೇಡಮ್ಮಿಗೆ ಮಿಸ್. ನೈಟ್ ಪದವಿ ಪಡೆದವನ ಸರ್ ಒಬ್ಬರಿಗೆ, ಮದುವೆಯಾಗದ ಹುಡುಗಿಯ ಮಿಸ್ ಇನ್ನೊಬ್ಬರಿಗೆ. ಇದು ಸರಿಯೇ ಎಂದು ಅಲ್ಲಿನ ಶಿಕ್ಷಕಿಯರು ಕೇಳುತ್ತಲೇ ಇದ್ದಾರೆ. ನ್ಯಾಯವಾದ ಪ್ರಶ್ನೆ.

ಹೆಸರೇ ಮಾಯ!

ಹಳೆಯ ಶಿಷ್ಟಾಚಾರದಲ್ಲಿ ಮದುವೆಯಾದ ಹೆಂಗಸು ಕಳೆದುಕೊಳ್ಳುತ್ತಿದ್ದುದು ತವರಿನ ಮನೆತನದ ಹೆಸರನ್ನು ಮಾತ್ರವಲ್ಲ, ಅಪ್ಪ ಅಮ್ಮ ಇಟ್ಟ ಹೆಸರನ್ನು ಕೂಡ. ಮೇರಿ ಎಂಬಾಕೆ ಜಾನ್ ಸ್ಮಿತ್‌ನನ್ನು ಮದುವೆಯಾದರೆ ‘ಮಿಸೆಸ್ ಜಾನ್ ಸ್ಮಿತ್’. ಅಮೆರಿಕದಲ್ಲಿ 1922ರಲ್ಲಿ ಶಿಷ್ಟಾಚಾರದ ದೊಡ್ಡ ಪುಸ್ತಕ ಬರೆದ ಎಮಿಲಿ ಪೋಸ್ಟ್ ಪ್ರಕಾರ ಗಂಡ ತೀರಿಕೊಂಡರೂ ಆಕೆ ಮಿಸೆಸ್ ಜಾನ್ ಸ್ಮಿತ್ ಆಗಿಯೇ ಇರಬೇಕು; ‘ಮಿಸೆಸ್ ಮೇರಿ ಸ್ಮಿತ್’ ಎಂದು ಬರೆದುಕೊಂಡರೆ ತಪ್ಪು. ವಿಚ್ಛೇದನವಾದರೆ ತವರಿನ ಹೆಸರನ್ನೂ ಮಾಜಿ ಗಂಡನ ಹೆಸರನ್ನೂ ಜೋಡಿಸಿ ‘ಮಿಸೆಸ್ ಬ್ರೌನ್ ಸ್ಮಿತ್’. ಎಷ್ಟು ತಿರುವಿ ಹಾಕಿದರೂ ಮೇರಿ ಎಲ್ಲೂ ಕಾಣುವುದಿಲ್ಲ.

ಇದು ಮುಗಿದ ಕಥೆ ಎಂದುಕೊಳ್ಳಬೇಡಿ. ಬ್ರಿಟಿಷ್ ರಾಜಮನೆತನದಲ್ಲಿ ‘ಪ್ರಿನ್ಸೆಸ್ ಮೈಕೇಲ್ ಆಫ್ ಕೆಂಟ್’ ಎಂಬ ಮಹಿಳೆಯಿದ್ದಾರೆ. ಅವರ ಹೆಸರು ಮೈಕೇಲ್ ಅಲ್ಲ, ಮರೀ ಕ್ರಿಸ್ಟೀನ್! 1978ರಲ್ಲಿ ರಾಜಕುಮಾರ ಮೈಕೇಲ್‌ನನ್ನು ಮದುವೆಯಾದ್ದರಿಂದ ಅಧಿಕೃತವಾಗಿ ಆ ಹೆಸರು.

ಲೂಸಿ ಸ್ಟೋನ್ ಇದಕ್ಕೆ ಒಪ್ಪಲಿಲ್ಲ. ಗುಲಾಮಗಿರಿಯ ವಿರುದ್ಧವೂ ಹೆಂಗಸರ ಹಕ್ಕಿಗಾಗಿಯೂ ಹೋರಾಡಿದ ಅಮೆರಿಕದ ಈ ಭಾಷಣಕಾರ್ತಿ 1855ರಲ್ಲಿ ಮದುವೆಯಾದರೂ ತನ್ನ ಹೆಸರನ್ನೇ ಉಳಿಸಿಕೊಂಡಳು. 1879ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶಾಲಾ ಸಮಿತಿಯ ಚುನಾವಣೆಗೆ ಹೆಂಗಸರಿಗೂ ಮತ ಹಾಕಲು ಅವಕಾಶ ಸಿಕ್ಕಿತು. ಗಂಡನ ಹೆಸರು ಸೇರಿಸಿಕೊಂಡರೆ ಮಾತ್ರ ಪಟ್ಟಿಗೆ ಎಂದರು ಅಧಿಕಾರಿಗಳು. ಮತ ಹಾಕುವ ಹಕ್ಕಿಗಾಗಿ ಜೀವಮಾನವೆಲ್ಲ ದುಡಿದ ಲೂಸಿ, ಕೈಗೆ ಬಂದ ಮತವನ್ನು ಬಿಟ್ಟಳೇ ಹೊರತು ಹೆಸರನ್ನು ಬಿಡಲಿಲ್ಲ.

ವಿಂಬಲ್ಡನ್ ಟೆನಿಸ್ ಕ್ಲಬ್ಬಿನ ವಿಜೇತರ ಫಲಕ ನೋಡಿದರೆ 1974 ಮತ್ತು 1976ರಲ್ಲಿ ‘ಮಿಸ್ ಎವರ್ಟ್’ ಗೆದ್ದದ್ದು ಕಾಣುತ್ತಿತ್ತು. 1981ರಲ್ಲಿ ಗೆದ್ದವರು ‘ಮಿಸೆಸ್ ಜೆ.ಎಂ. ಲಾಯ್ಡ್’. ಇಬ್ಬರೂ ಒಬ್ಬರೇ, ಕ್ರಿಸ್ ಎವರ್ಟ್! ಜೆ.ಎಂ. ಎಂಬ ಇನಿಷಿಯಲ್ ಅವರ ಗಂಡ ಜಾನ್ ಲಾಯ್ಡ್‌ದು. ಆಸ್ಟ್ರೇಲಿಯಾದ ಈವಾನ್ ಗೂಲಗಾಂಗ್ 1971ರಲ್ಲಿ ತನ್ನ ಹೆಸರಿನಲ್ಲಿ ಗೆದ್ದು, 1980ರಲ್ಲಿ ಗಂಡ ಕಾಲಿಯ ಹೆಸರಿನಲ್ಲಿ ಗೆದ್ದರು. ಬೆವರು ಸುರಿಸಿ ಸರ್ವ್ ಮಾಡಿದ್ದು ಹೆಂಡತಿ, ಗೋಡೆಯ ಮೇಲೆ ಗಂಡನ ಇನಿಷಿಯಲ್. ಪುರುಷರ ಫಲಕದಲ್ಲಿ ಮಿಸ್ಟರ್ ಎಂಬುದೇ ಇರಲಿಲ್ಲ. ಅಂಪೈರ್ ಕೂಡ ಫೆಡರರ್ ಅವರನ್ನು ಬರೀ ಫೆಡರರ್ ಎಂದು, ಸೆರೆನಾ ಅವರನ್ನು ಮಿಸ್ ಅಥವಾ ಮಿಸೆಸ್ ವಿಲಿಯಮ್ಸ್ ಎಂದು ಹೇಳಿ ಸ್ಕೋರ್ ಕೂಗುತ್ತಿದ್ದರು. ಅಂಪೈರ್‌ಗಳ ಕೂಗು 2019ರಲ್ಲಿ ಬದಲಾಯಿತು. ಫಲಕದ ಮೇಲಿನ ಮಿಸ್, ಮಿಸೆಸ್ 2022ರಲ್ಲಿ ಹೋದವು.

ಒಂದೇ ಮನೆಯ ಇಬ್ಬರು ಗೆಳತಿಯರು

‘ಮಿಜ್’ ಸ್ತ್ರೀವಾದಿಗಳು 1970ರ ದಶಕದಲ್ಲಿ ಹುಟ್ಟುಹಾಕಿದ ಪದ ಎಂದು ಬಹಳ ಮಂದಿ ತಿಳಿದಿದ್ದಾರೆ. ಅಲ್ಲ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಪತ್ರಿಕೆಯಲ್ಲಿ 1901ರ ನವೆಂಬರ್ 10ರಂದು ಹೆಸರು ಹಾಕದ ಯಾರೋ ಇದನ್ನು ಸೂಚಿಸಿದ್ದರು. ಮದುವೆ ಆಗಿದೆಯೋ ಇಲ್ಲವೋ ತಿಳಿಯದ ಹೆಂಗಸಿಗೆ ಮಿಸ್ ಎಂದರೂ ಕಷ್ಟ, ಮಿಸೆಸ್ ಎಂದರೂ ಕಷ್ಟ. ಎಂ ಮತ್ತು ಎಸ್ ಎರಡೇ ಅಕ್ಷರ ಬರೆದು ಮಿಜ್ ಎಂದರೆ ಯಾರಿಗೂ ನೋವಾಗದು ಎಂಬುದು ಅವರ ವಾದ. ಅಂದು ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅರವತ್ತು ವರ್ಷದ ನಂತರ, 1961ರ ಸುಮಾರಿಗೆ, ನ್ಯೂಯಾರ್ಕಿನ ಒಂದು ಬಾಡಿಗೆ ಮನೆಗೆ ಅಂಚೆಯಲ್ಲಿ ಪತ್ರಿಕೆಯೊಂದು ಬಂತು. ಮನೆಯಲ್ಲಿ ಇದ್ದವರು ಶೀಲಾ ಮೈಕಲ್ಸ್ ಮತ್ತು ಮೇರಿ ಹ್ಯಾಮಿಲ್ಟನ್ ಎಂಬ ಗೆಳತಿಯರು. ಪತ್ರಿಕೆ ಮೇರಿಯ ಹೆಸರಿಗೆ ಬಂದಿತ್ತು, ಹೆಸರಿನ ಮುಂದೆ ಎಂ ಮತ್ತು ಎಸ್. ಅಚ್ಚಿನ ದೋಷವಿರಬೇಕು ಎಂದುಕೊಂಡ ಶೀಲಾಗೆ ಆ ಎರಡಕ್ಷರ ತಲೆಯಲ್ಲಿ ಕೂತುಬಿಟ್ಟಿತು. ಯಾವ ಗಂಡಸಿಗೂ ಸೇರಿದವಳಲ್ಲದ ಹೆಣ್ಣಿಗೆ ಒಪ್ಪುವ ಪದವನ್ನು ಆಕೆ ಹುಡುಕುತ್ತಿದ್ದಳು. ವರ್ಷಗಟ್ಟಲೆ ಗೆಳತಿಯರ ಮುಂದೆ ಅದನ್ನೇ ಹೇಳುತ್ತ ಬಂದಳು. 1969ರ ಸುಮಾರಿಗೆ ನ್ಯೂಯಾರ್ಕಿನ ಒಂದು ರೇಡಿಯೊ ಸಂದರ್ಶನದಲ್ಲಿ ಆಡಿದ ಮೇಲೆ ಮಾತು ಹಬ್ಬಿತು.

ಇದು ಅನೇಕ ಕಡೆ ಬರೆದಿರುವ ಕಥೆ. ಆದರೆ ಆ ಲಕೋಟೆಯ ಮೇಲೆ ಹೆಸರಿದ್ದ ಮೇರಿ ಹ್ಯಾಮಿಲ್ಟನ್ ಯಾರು ಗೊತ್ತೇ? ಗೌರವಪದಗಳ ಇತಿಹಾಸದಲ್ಲಿ ಆಕೆಯದು ಇನ್ನೂ ದೊಡ್ಡ ಹೆಸರಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮೇರಿ ಕಪ್ಪು ಜನಾಂಗದವಳು, ಶಿಕ್ಷಕಿಯಾಗಿದ್ದವಳು, ನಾಗರಿಕ ಹಕ್ಕುಗಳ ಚಳವಳಿಗೆ ಧುಮುಕಿ ದಕ್ಷಿಣದ ರಾಜ್ಯಗಳಲ್ಲಿ ಜನರನ್ನು ಸಂಘಟಿಸುತ್ತಿದ್ದವಳು. ಆ ರಾಜ್ಯಗಳ ಬಿಳಿಯರು ಕಪ್ಪು ಜನರ ಹೆಸರಿಗೆ ಮಿಸ್ಟರ್, ಮಿಸೆಸ್ ಸೇರಿಸುತ್ತಲೇ ಇರಲಿಲ್ಲ. ಎಪ್ಪತ್ತು ವರ್ಷದ ಮುದುಕನಾದರೂ ‘ಬಾಯ್’. ಕೊಂಚ ಕರುಣೆ ಬಂದರೆ ‘ಅಂಕಲ್’, ‘ಆಂಟಿ’. ಕೋರ್ಟಿನಲ್ಲೂ ಬಿಳಿಯ ಸಾಕ್ಷಿಗೆ ಮಿಸ್ಟರ್, ಕಪ್ಪು ಸಾಕ್ಷಿಗೆ ಬರೀ ಹೆಸರು. 1963ರಲ್ಲಿ ಅಲಬಾಮಾದ ಗ್ಯಾಡ್ಸ್‌ಡನ್ ಊರಿನ ನ್ಯಾಯಾಲಯದಲ್ಲಿ ಸರಕಾರಿ ವಕೀಲ ‘ಮೇರಿ’ ಎಂದು ಕರೆದು ಪ್ರಶ್ನೆ ಕೇಳಿದ. ಮಿಸ್ ಹ್ಯಾಮಿಲ್ಟನ್ ಎಂದು ಸರಿಯಾಗಿ ಕರೆಯುವವರೆಗೆ ಉತ್ತರಿಸುವುದಿಲ್ಲ ಎಂದಳು ಮೇರಿ. ಉತ್ತರ ಕೊಡು ಎಂದರು ನ್ಯಾಯಾಧೀಶರು. ಆಕೆ ಕೊಡಲಿಲ್ಲ. ನ್ಯಾಯಾಂಗ ನಿಂದನೆಯೆಂದು ಐದು ದಿನ ಜೈಲು, 50 ಡಾಲರ್ ದಂಡ ಬಿತ್ತು. ಜೈಲಿಗೆ ಹೋದಳು, ದಂಡ ಕಟ್ಟಲಿಲ್ಲ. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1964ರ ಮಾರ್ಚ್ 30ರಂದು ಕೆಳಗಿನ ಕೋರ್ಟಿನ ತೀರ್ಪನ್ನು ಅದು ತಳ್ಳಿಹಾಕಿತು.

ಒಬ್ಬ ಗೆಳತಿ ಮಿಸ್ ಬೇಡವೆಂದು ಹೊರಟಳು, ಇನ್ನೊಬ್ಬಳು ಮಿಸ್ ಬೇಕೆಂದು ಜೈಲಿಗೆ ಹೋದಳು. ಇಬ್ಬರೂ ಕೇಳಿದ್ದು ಒಂದನ್ನೇ: ಎದುರಿಗಿರುವ ಇತರರಿಗೆ ಕೊಡುವ ಮರ್ಯಾದೆಯನ್ನು ನನಗೂ ಕೊಡಿ.

ಸ್ತ್ರೀವಾದಿ ನಾಯಕಿ ಗ್ಲೋರಿಯಾ ಸ್ಟೈನೆಮ್ ಮತ್ತು ಗೆಳತಿಯರು ತಮ್ಮ ಪತ್ರಿಕೆಗೆ ‘ಮಿಜ್’ ಎಂದೇ ಹೆಸರಿಟ್ಟರು. 1972ರ ಮೊದಲ ಸ್ವತಂತ್ರ ಸಂಚಿಕೆಯ ಮುಖಪುಟದಲ್ಲಿ ನಮ್ಮ ಕಾಳಿಯನ್ನು ನೆನಪಿಸುವ ನೀಲಿ ಬಣ್ಣದ, ಎಂಟು ಕೈಗಳ, ಕಣ್ಣೀರು ಸುರಿಸುವ ಬಸುರಿ ಹೆಂಗಸಿದ್ದಳು. ಕೈಗಳಲ್ಲಿ ಶಂಖ ಚಕ್ರಗಳ ಬದಲು ಬಾಣಲೆ, ಇಸ್ತ್ರಿಪೆಟ್ಟಿಗೆ, ಟೈಪ್‌ರೈಟರ್, ಟೆಲಿಫೋನ್! ಮೂರು ಲಕ್ಷ ಪ್ರತಿಗಳು ಎಂಟು ದಿನದಲ್ಲಿ ಖರ್ಚಾದವು. ಅದೇ ವರ್ಷ ಅಮೆರಿಕದ ಸರಕಾರಿ ಮುದ್ರಣಾಲಯ ತನ್ನ ಪ್ರಕಟಣೆಗಳಲ್ಲಿ ಮಿಜ್ ಬಳಕೆಗೆ ಒಪ್ಪಿತು.

ನ್ಯೂಯಾರ್ಕ್ ಟೈಮ್ಸ್ ಮಾತ್ರ ಜಗ್ಗಲಿಲ್ಲ. 1984ರಲ್ಲಿ ಜೆರಾಲ್ಡಿನ್ ಫೆರಾರೊ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ ಪತ್ರಿಕೆ ಅವರನ್ನು ಮಿಸೆಸ್ ಫೆರಾರೊ ಎಂದು ಬರೆಯಿತು. ಗಂಡನ ಹೆಸರು ಜಕಾರೊ. ಫೆರಾರೊ ಅಪ್ಪನ ಮನೆಯ ಹೆಸರು. ಹಾಗಾದರೆ ಅವರು ಮಿಸೆಸ್ ಫೆರಾರೊ ಆಗುವುದು ಹೇಗೆ? ಮದುವೆಯಾಗಿರುವುದರಿಂದ ಮಿಸ್ ಎನ್ನುವಂತೆಯೂ ಇಲ್ಲ. ಭಾಷೆಯ ವಿಚಾರದಲ್ಲಿ ಬಲು ಮಡಿವಂತರಾದ ಅಂಕಣಕಾರ ವಿಲಿಯಂ ಸಫೈರ್ ಕೂಡ ಮಿಜ್ ಬೇಕೇಬೇಕು ಎಂದು ಬರೆದರು. ಪತ್ರಿಕೆ ಒಪ್ಪಿದ್ದು 1986ರ ಜೂನ್ 20ರಂದು. 2023ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಸುದ್ದಿಯಲ್ಲಿ ಇಂಥ ಎಲ್ಲ ಪದಗಳನ್ನೂ ಕೈಬಿಟ್ಟಿದೆ.

ಜರ್ಮನಿಯ ಸರಕಾರಿ ಕಚೇರಿಗಳಲ್ಲಿ ‘ಫ್ರಾಯ್‌ಲೈನ್’ 1972ರಲ್ಲಿ ಹೋಯಿತು. ಫ್ರಾನ್ಸಿನ ಸರಕಾರಿ ಅರ್ಜಿಗಳಿಂದ ‘ಮದ್‌ಮ್ವಾಸೆಲ್’ 2012ರಲ್ಲಿ. ನಮ್ಮ ಅರ್ಜಿಗಳಲ್ಲಿ ಶ್ರೀಮತಿ, ಕುಮಾರಿ ಎಂಬೆರಡು ಚೌಕಗಳು ಇನ್ನೂ ಇವೆ.

ಮಿಜ್‌ಗೂ ವ್ಯಾಪಾರದ ಕಾಗದಗಳಲ್ಲಿ ಬರುವ ‘ಮೆಸರ್ಸ್’ಗೂ ಸಂಬಂಧವಿಲ್ಲ. ಅದು ಫ್ರೆಂಚ್‌ನಿಂದ ಬಂದ ಬಹುವಚನ, ಒಬ್ಬರಿಗಿಂತ ಹೆಚ್ಚು ಮಿಸ್ಟರ್‌ಗಳಿಗೆ. ಪಾಲುದಾರರ ಹೆಸರಿನಲ್ಲಿ ನಡೆಯುವ ಅಂಗಡಿಗೆ ಅದು ಸರಿ. ನಮ್ಮ ಬಿಲ್ಲು, ಟೆಂಡರುಗಳಲ್ಲಿ ಅದನ್ನು ಮೊಟಕು ಮಾಡಿ ಎಂ, ಎಸ್ ನಡುವೆ ಓರೆಗೆರೆ ಎಳೆಯುತ್ತಾರೆ. ಗೆರೆ ಬಿಟ್ಟುಹೋದರೆ ಸಿಮೆಂಟ್ ಕಂಪನಿ ಹೆಂಗಸಾಗುತ್ತದೆ.

ಮಿಸ್ಟರ್ ಎಂದರೆ ದೊಡ್ಡ ಡಾಕ್ಟರು

ಬ್ರಿಟನ್ನಿಗೆ ಹೋದ ನಮ್ಮ ವೈದ್ಯರು ಅಲ್ಲಿ ಸರ್ಜರಿಯ ಪರೀಕ್ಷೆ ಪಾಸು ಮಾಡಿದ ಕೂಡಲೇ ಡಾಕ್ಟರ್ ಬಿಟ್ಟು ಮಿಸ್ಟರ್ ಆಗುತ್ತಾರೆ, ಅದೂ ಹೆಮ್ಮೆಯಿಂದ! ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ವಿವರಿಸುವುದು ಸುಲಭವಲ್ಲ. ಕಾರಣ ಹಳೆಯದು. ಔಷಧ ಕೊಡುವ ವೈದ್ಯರು ವಿಶ್ವವಿದ್ಯಾಲಯದಲ್ಲಿ ಓದಿ ಡಾಕ್ಟರ್ ಪದವಿ ಪಡೆದವರು. ಕೊಯ್ಯುವ ಕೆಲಸದವರು ಗುರುವಿನ ಕೈಕೆಳಗೆ ದುಡಿದು ಕಲಿತವರು; ಕ್ಷೌರಿಕರೂ ಅವರೂ ಒಂದೇ ಸಂಘದಲ್ಲಿದ್ದರು. 1540ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಒಂದಾದ ಆ ಸಂಘ 1745ರಲ್ಲಿ ಒಡೆಯಿತು. 1800ರಲ್ಲಿ ಲಂಡನ್ನಿನಲ್ಲಿ ಸರ್ಜನ್ನರ ರಾಯಲ್ ಕಾಲೇಜು ಆಯಿತು. ಆ ಹೊತ್ತಿಗೆ ಅವರಿಗೆ ತಮ್ಮ ಮಿಸ್ಟರ್ ಬಗ್ಗೆ ಅಭಿಮಾನ ಬೆಳೆದಿತ್ತು. ಒಂದು ಕಾಲಕ್ಕೆ ಕೀಳೆನಿಸಿದ್ದ ಪದ ಇಂದು ಆಸ್ಪತ್ರೆಯಲ್ಲಿ ಹಿರಿಮೆಯ ಗುರುತು. ಮಹಿಳಾ ಸರ್ಜನ್ ಮಿಸ್, ಮಿಸೆಸ್, ಮಿಜ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅಲ್ಲಿ ಗಂಡಸಿಗೆ ಹೆಚ್ಚುಗಾರಿಕೆ ತಂದ ಬದಲಾವಣೆ ಆಕೆಗೆ ಮತ್ತೆ ಮದುವೆಯ ಪ್ರಶ್ನೆ ತಂದಿಡುತ್ತದೆ.

ಬ್ರಿಟನ್ನಿನ ದಂತವೈದ್ಯರಿಗೆ ಡಾಕ್ಟರ್ ಎಂದು ಹಾಕಿಕೊಳ್ಳಲು ಅನುಮತಿ ಸಿಕ್ಕಿದ್ದು 1995ರಲ್ಲಿ. ಪಶುವೈದ್ಯರಿಗೆ 2015ರಲ್ಲಿ.

ಸರ್ ಎಂಬ ಬಿರುದಿನ ನಿಯಮ ಸರಳ: ಅದು ವ್ಯಕ್ತಿಯ ಸ್ವಂತ ಹೆಸರಿಗೆ ಅಂಟಬೇಕು, ಮನೆತನದ ಹೆಸರಿಗಲ್ಲ. ಸರ್ ಐಸಾಕ್ ಸರಿ, ಸರ್ ನ್ಯೂಟನ್ ತಪ್ಪು. 1915ರಲ್ಲಿ ನಮ್ಮ ಮೈಸೂರಿನ ದಿವಾನರು ಸರ್ ಆದಾಗ ಇಂಗ್ಲಿಷರು ಮೊದಲ ಪದವೇ ಸ್ವಂತ ಹೆಸರು ಎಂದುಕೊಂಡು ‘ಸರ್ ಮೋಕ್ಷಗುಂಡಂ’ ಎಂದರು. ಮೋಕ್ಷಗುಂಡಂ ಊರಿನ ಹೆಸರು. ಅವರ ಹೆಸರು ವಿಶ್ವೇಶ್ವರಯ್ಯ. ಹಾಗಾಗಿ ನಮ್ಮವರು ಹೇಳುವ ‘ಸರ್ ವಿಶ್ವೇಶ್ವರಯ್ಯ’ ಇಂಗ್ಲಿಷಿನ ನಿಯಮಕ್ಕೇ ಹೆಚ್ಚು ಹತ್ತಿರ! 1929ರಲ್ಲಿ ಸರ್ ಆದ ಸಿ.ವಿ. ರಾಮನ್ ಅವರನ್ನು ಅದೇ ಲೆಕ್ಕದಲ್ಲಿ ಸರ್ ಚಂದ್ರಶೇಖರ ಎಂದರೆ ಅದು ಅವರ ತಂದೆಯ ಹೆಸರು.

ಸರ್ ಆದವನ ಹೆಂಡತಿ ಲೇಡಿ ಆಗುತ್ತಾಳೆ. ಹೆಂಗಸರು ಸ್ವಂತ ಸಾಧನೆಯಿಂದ ‘ಡೇಮ್’ ಆಗುವ ದಾರಿ 1917ರಲ್ಲಿ ತೆರೆಯಿತು; ಆದರೆ ಡೇಮ್ ಆದವಳ ಗಂಡನಿಗೆ ಏನೂ ಸಿಗುವುದಿಲ್ಲ. ಅಗಾಥಾ ಕ್ರಿಸ್ಟಿ 1971ರಲ್ಲಿ ಡೇಮ್ ಆದರು. ಅದಕ್ಕೂ ಮೂರು ವರ್ಷ ಮೊದಲು, ಪುರಾತತ್ತ್ವಜ್ಞ ಗಂಡ ಮ್ಯಾಕ್ಸ್ ಮ್ಯಾಲೊವನ್ ಸರ್ ಆದ ಕಾರಣಕ್ಕೆ ಆಗಲೇ ಲೇಡಿ ಮ್ಯಾಲೊವನ್ ಆಗಿದ್ದರು.

ಪಂಡಿತ್ ರವಿಶಂಕರ್ 2001ರಲ್ಲಿ, ಬಿಲ್ ಗೇಟ್ಸ್ 2005ರಲ್ಲಿ, ರತನ್ ಟಾಟಾ 2014ರಲ್ಲಿ ಬ್ರಿಟನ್ನಿನ ಇಂಥ ಗೌರವ ಪಡೆದರೂ ಯಾರೂ ಸರ್ ಅಲ್ಲ. ಬ್ರಿಟಿಷ್ ಅರಸನನ್ನು ಮುಖ್ಯಸ್ಥನನ್ನಾಗಿ ಒಪ್ಪದ ದೇಶದವರಿಗೆ ಅದು ಬರೀ ಗೌರವ ಪದವಿ.

ಸರ್ ಬಿರುದನ್ನು ಬೇಡವೆಂದವರಲ್ಲಿ ಮೊದಲು ನೆನಪಾಗುವವರು ರವೀಂದ್ರನಾಥ ಟ್ಯಾಗೋರ್. 1915ರಲ್ಲಿ ಬಂದದ್ದನ್ನು 1919ರಲ್ಲಿ, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ತೊರೆದರು. ಸ್ವತಂತ್ರ ಭಾರತದ ಸಂವಿಧಾನದ 18ನೇ ವಿಧಿ ಬಿರುದುಗಳನ್ನೇ ತೆಗೆದುಹಾಕಿತು. ಪದ್ಮ ಪ್ರಶಸ್ತಿಗಳು ಬಿರುದಲ್ಲ, ಅವುಗಳನ್ನು ಹೆಸರಿನ ಹಿಂದೆ ಮುಂದೆ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ದಯವಿಟ್ಟು ಗಮನಿಸಬೇಕು.

ಸರ್‌ನಂಥದೇ ನಿಯಮ ರೆವರೆಂಡ್‌ಗೂ ಇದೆ. ಕನ್ನಡಿಗರೆಲ್ಲ ಪ್ರೀತಿಯಿಂದ ‘ರೆವರೆಂಡ್ ಕಿಟ್ಟೆಲ್’ ಎನ್ನುತ್ತೇವೆ. ಬ್ರಿಟಿಷ್ ಮಡಿವಂತರು ಒಪ್ಪುವುದಿಲ್ಲ. ರೆವರೆಂಡ್ ಆದ ಮೇಲೆ ಸ್ವಂತ ಹೆಸರೋ ಇನಿಷಿಯಲ್ಲೋ ಬರಬೇಕು ಎನ್ನುತ್ತಾರೆ. ಅವರ 1894ರ ಕನ್ನಡ ನಿಘಂಟಿನ ಶೀರ್ಷಿಕೆ ಪುಟದಲ್ಲಿ ‘ರೆವರೆಂಡ್ ಎಫ್. ಕಿಟ್ಟೆಲ್’ ಎಂದೇ ಇದೆ.

ಕ್ರಿಕೆಟ್ ಪ್ರಿಯರಿಗೊಂದು. ಇಂಗ್ಲೆಂಡಿನಲ್ಲಿ 1806ರಿಂದ 1962ರವರೆಗೆ ‘ಜಂಟಲ್‌ಮನ್’ ಮತ್ತು ‘ಪ್ಲೇಯರ್ಸ್’ ತಂಡಗಳ ನಡುವೆ ಪಂದ್ಯ ನಡೆಯುತ್ತಿತ್ತು. ಹಣ ಪಡೆಯದೆ ಆಡುವ ಉಳ್ಳವರು ಜಂಟಲ್‌ಮನ್; ಹೊಟ್ಟೆಪಾಡಿಗೆ ಆಡುವವರು ಪ್ಲೇಯರ್ಸ್. ಉಡುಪು ಬದಲಿಸುವ ಕೋಣೆ ಬೇರೆ, ಮೈದಾನಕ್ಕಿಳಿಯುವ ಬಾಗಿಲೂ ಬೇರೆ. ಸ್ಕೋರ್ ಕಾರ್ಡಿನಲ್ಲಿ ಉಳ್ಳವನಿಗೆ ಮಿಸ್ಟರ್ ಅಥವಾ ಹೆಸರಿನ ಮುಂದೆ ಇನಿಷಿಯಲ್. ಸಂಬಳದ ಆಟಗಾರನಿಗೆ ಬರೀ ಹೆಸರು, ಇನಿಷಿಯಲ್ ಇದ್ದರೂ ಹೆಸರಾದ ಮೇಲೆ. ಸಂಬಳದ ಆಟಗಾರನಾಗಿದ್ದ ಹುಡುಗ ಫ್ರೆಡ್ ಟಿಟ್ಮಸ್ ಹೆಸರಿಗೆ ಒಮ್ಮೆ ಇನಿಷಿಯಲ್ ಮುಂದೆ ಬಿದ್ದುಬಿಟ್ಟಿತು. ಅದು ಹಿಂದೆ ಇರಬೇಕು, ತಿದ್ದಿಕೊಳ್ಳಿ ಎಂದು ಲಾರ್ಡ್ಸ್ ಮೈದಾನದ ಧ್ವನಿವರ್ಧಕದಲ್ಲೇ ಸಾರಿದರು! ನಮ್ಮಲ್ಲಿ ಪಂಕ್ತಿಭೇದ ಊಟದ ಎಲೆಯಲ್ಲಿತ್ತು, ಅವರಲ್ಲಿ ಸ್ಕೋರ್ ಕಾರ್ಡಿನಲ್ಲಿ. ಸಂಬಳದ ಆಟಗಾರ ಲೆನ್ ಹಟನ್ 1952ರಲ್ಲಿ ಇಂಗ್ಲೆಂಡಿನ ನಾಯಕನಾದದ್ದು ಏಕೆ ಅಷ್ಟು ದೊಡ್ಡ ಸುದ್ದಿಯಾಯಿತೆಂದು ಇದರಿಂದ ತಿಳಿಯುತ್ತದೆ. ನಾಲ್ಕೇ ವರ್ಷಕ್ಕೆ ಆತ ಸರ್ ಲೆನ್.

ಅದೇ ಸ್ಕೋರ್ ಕಾರ್ಡುಗಳಲ್ಲಿ ಕೆ.ಎಸ್. ರಣಜಿತ್‌ಸಿಂಹಜಿ ಎಂಬ ಹೆಸರಿದೆ. 1896ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ಟೆಸ್ಟ್ ಆಡಿ 62 ಮತ್ತು ಅಜೇಯ 154 ಹೊಡೆದ ನಮ್ಮ ರಣಜಿ. ಕೆ.ಎಸ್. ಅಪ್ಪನ ಹೆಸರೂ ಅಲ್ಲ, ಊರಿನ ಹೆಸರೂ ಅಲ್ಲ. ಅದು ‘ಕುಮಾರ ಶ್ರೀ’!

ಅಮೆರಿಕದ ಅಧ್ಯಕ್ಷನನ್ನು ಹೇಗೆ ಕರೆಯಬೇಕೆಂದು 1789ರಲ್ಲಿ ವಾರಗಟ್ಟಲೆ ಚರ್ಚೆಯಾಯಿತು. ಉಪಾಧ್ಯಕ್ಷ ಜಾನ್ ಆಡಮ್ಸ್ ಭಾರೀ ಬಿರುದು ಬೇಕೆಂದರು. ಸೆನೆಟ್ ಸಮಿತಿ ‘ಹಿಸ್ ಹೈನೆಸ್’ ಎಂದು ಶುರುವಾಗಿ ‘ಸ್ವಾತಂತ್ರ್ಯಗಳ ರಕ್ಷಕ’ ಎಂದು ಮುಗಿಯುವ ಉದ್ದದ ಬಿರುದನ್ನು ಸೂಚಿಸಿತು. ಕೆಳಮನೆ ಕೇಳಲಿಲ್ಲ. ಉಳಿದದ್ದು ಮಿಸ್ಟರ್ ಪ್ರೆಸಿಡೆಂಟ್. ಯಜಮಾನನ ಪದವನ್ನು ಎಲ್ಲ ಗಂಡಸರಿಗೂ ಹಂಚಿದ ಮೇಲೆ ದೇಶದ ಮುಖ್ಯಸ್ಥನಿಗೂ ಅದೇ ಸಾಕಾಯಿತು, ಒಳ್ಳೆಯ ತೀರ್ಮಾನ.

17ನೇ ಶತಮಾನದ ಕ್ವೇಕರ್ ಪಂಥದವರು ಮಿಸ್ಟರ್ ಎನ್ನುವುದಕ್ಕೂ ಒಪ್ಪಲಿಲ್ಲ. ಯಾರೇ ಆಗಲಿ ಹೆಸರು ಹಿಡಿದು ಕರೆದರು, ದೊಡ್ಡವರ ಮುಂದೆ ಟೋಪಿ ತೆಗೆಯಲಿಲ್ಲ, ಅದಕ್ಕಾಗಿ ಶಿಕ್ಷೆಯನ್ನೂ ಅನುಭವಿಸಿದರು.

ಗಂಡು ಹೆಣ್ಣು ಎಂಬ ಗುರುತೂ ಬೇಡವೆನ್ನುವವರಿಗೆ ‘ಮಿಕ್ಸ್’ ಇದೆ. ಎಂ ಮತ್ತು ಎಕ್ಸ್ ಅಕ್ಷರಗಳು. ಅಮೆರಿಕದ ಪತ್ರಿಕೆಯೊಂದರಲ್ಲಿ 1977ರಲ್ಲೇ ಕಾಣಿಸಿಕೊಂಡ ಇದನ್ನು ಬ್ರಿಟನ್ನಿನ ಬ್ರೈಟನ್ ನಗರಾಡಳಿತ 2013ರಲ್ಲಿ ಒಪ್ಪಿತು. ಆಕ್ಸ್‌ಫರ್ಡ್ ನಿಘಂಟಿಗೆ ಸೇರಿದ್ದು 2015ರಲ್ಲಿ.

ಇನ್ನು ನ್ಯಾಯಾಲಯದ ಮಾತು. ಎಲಿಜಬೆತ್ ಬಟ್ಲರ್-ಸ್ಲಾಸ್ 1988ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯಕ್ಕೆ ಏರಿದ ಮೊದಲ ಮಹಿಳೆ. ಕಾನೂನಿನಲ್ಲಿ ‘ಲಾರ್ಡ್ ಜಸ್ಟಿಸ್’ ಎಂದು ಮಾತ್ರ ಇದ್ದದ್ದರಿಂದ ಅಧಿಕೃತವಾಗಿ ಆಕೆ ಲಾರ್ಡ್ ಆದರು! ಅಲ್ಲಿನ ಹೈಕೋರ್ಟಿನಲ್ಲಿ ಮದುವೆಯಾಗದ ಮಹಿಳಾ ನ್ಯಾಯಮೂರ್ತಿಯನ್ನೂ ‘ಮಿಸೆಸ್ ಜಸ್ಟಿಸ್’ ಎಂದೇ ಕರೆಯುತ್ತಿದ್ದರು. ಮೊದಲ ‘ಮಿಜ್ ಜಸ್ಟಿಸ್’ 2014ರಲ್ಲಿ ಬಂದ ಅಲಿಸನ್ ರಸೆಲ್.

ನಮ್ಮಲ್ಲಿ ‘ಮೈ ಲಾರ್ಡ್’ ಬೇಡವೆಂದು ವಕೀಲರ ಪರಿಷತ್ತು 2006ರಲ್ಲೇ ನಿಯಮ ಮಾಡಿತ್ತು. ಹಾಗೆ ಕರೆಯುವುದು ಕಡ್ಡಾಯವಲ್ಲ, ಗೌರವದಿಂದ ಕರೆದರೆ ಸಾಕು ಎಂದು 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೇಳಿದ ಪೀಠದಲ್ಲಿದ್ದವರು ಚಿಕ್ಕಮಗಳೂರು ಜಿಲ್ಲೆಯ ನ್ಯಾಯಮೂರ್ತಿ ಎಚ್.ಎಲ್. ದತ್ತು. ಆದರೂ ವಕೀಲರ ನಾಲಿಗೆ ಹಳೆಯ ರೂಢಿಯನ್ನು ಬಿಡಲಿಲ್ಲ. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ತಮ್ಮನ್ನು ಸರ್ ಎಂದರೆ ಸಾಕೆಂದರು. ಬಳಿಕ ನ್ಯಾಯಮೂರ್ತಿ ಜ್ಯೋತಿ ಮುಳಿಮನಿ ತಮ್ಮನ್ನು ಮೇಡಂ ಎನ್ನಿ ಎಂದು ಕೇಳಿಕೊಂಡರು. ಮರುವರ್ಷ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಜಿಲ್ಲಾ ನ್ಯಾಯಾಧೀಶರು ಮತ್ತು ನ್ಯಾಯಮಂಡಳಿಗಳ ಮಟ್ಟದಲ್ಲಿ ಸರ್, ಮೇಡಂ ಎರಡನ್ನೂ ಕೈಬಿಟ್ಟರು. ಪೀಠದಲ್ಲಿ ಕೂತವರು ಗಂಡಸಾಗಲಿ ಹೆಂಗಸಾಗಲಿ, ಈಗ ಅಲ್ಲಿ ಅವರನ್ನು ‘ಜಡ್ಜ್’ ಎಂದೇ ಕರೆಯುತ್ತಾರೆ.